ಜಾತ್ರೆ ಕಾವಲಿಗೆ ನಿಲ್ಲುವ ಸ್ವಯಂಸೇವಕರ ಮೇಲೆ ಕೇಸು ಬಿದ್ದರೆ: ಯಾವ ರಕ್ಷಣೆ ಯಾರಿಗೆ ಸರಿ?

ಮಳೆ ಹಿಂದೆ ಸರಿದು ಜಾತ್ರೆಗಳ ಕಾಲ ಹತ್ತಿರ ಬಂತು ಅಂದರೆ ಮಲೆನಾಡಿನ ಕಮಿಟಿ ಸಭೆಗಳಲ್ಲಿ ಒಂದು ಚರ್ಚೆ ತಪ್ಪುವುದಿಲ್ಲ. ರಾತ್ರಿ ಕಾವಲಿಗೆ, ಸಾಲು ನೋಡಿಕೊಳ್ಳುವುದಕ್ಕೆ ನಮ್ಮ ಹುಡುಗರನ್ನೇ ಹಾಕೋಣ ಎನ್ನುವುದು ಸರಿ, ಆದರೆ ಏನಾದರೂ ಹೆಚ್ಚುಕಮ್ಮಿ ಆದರೆ ಅದು ಯಾರ ತಲೆಗೆ ಬರುತ್ತದೆ? ಒಬ್ಬರು ವಿಮೆ ಮಾಡಿಸೋಣ ಎನ್ನುತ್ತಾರೆ. ಇನ್ನೊಬ್ಬರು ಸೆಕ್ಯುರಿಟಿ ಏಜೆನ್ಸಿಗೆ ಕೊಟ್ಟುಬಿಡಿ ಎನ್ನುತ್ತಾರೆ. ಮತ್ತೊಬ್ಬರಿಗೆ ಹೋಂಗಾರ್ಡ್ ಕರೆಸುವುದೇ ವಾಸಿ ಅನಿಸುತ್ತದೆ. ಹಿರಿಯರು ಮಾತ್ರ "ಇಷ್ಟು ವರ್ಷ ಏನೂ ಆಗಿಲ್ಲ, ಸುಮ್ನೆ ಯಾಕೆ ಖರ್ಚು" ಎಂದು ಮಾತು ಮುಗಿಸುತ್ತಾರೆ.

ಈ ಪ್ರಶ್ನೆ ದೊಡ್ಡ ಜಾತ್ರೆಗಳದ್ದು ಮಾತ್ರ ಅಲ್ಲ. ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ, ಶಿವಮೊಗ್ಗ ಗುಡ್ಡೇಕಲ್ಲಿನ ಆಡಿಕೃತ್ತಿಕೆ, ಇಲ್ಲೆಲ್ಲ ಪೊಲೀಸ್ ಬಂದೋಬಸ್ತ್ ಇದ್ದೇ ಇರುತ್ತದೆ. ಕಷ್ಟ ಇರುವುದು ತೋಟದ ಅಂಚಿನ, ಕಾಡಿನ ನಡುವಿನ ಗುಡಿಗಳಿಗೆ, ಊರ ಹೊರಗಿನ ದರ್ಗಾಗಳಿಗೆ, ಸಣ್ಣ ಚರ್ಚುಗಳಿಗೆ. ಅಲ್ಲಿ ಕಾವಲು ಎಂದರೆ ನಾಲ್ಕು ಹುಡುಗರು, ಎರಡು ಟಾರ್ಚು, ಸಿಗ್ನಲ್ ಬಂದರೆ ಬಂತು ಎನ್ನುವ ಮೊಬೈಲು.

ಒಂದು ವಿಷಯ ಮೊದಲೇ ತಿಳಿದಿರಲಿ. ಅಮೆರಿಕದಲ್ಲಿ ಸ್ವಯಂಸೇವಕರ ರಕ್ಷಣೆಗೆಂದೇ 1997ರಲ್ಲಿ ಒಂದು ಕಾನೂನು ಬಂತು. ನಮ್ಮಲ್ಲಿ ಹಾಗೆ ಸ್ವಯಂಸೇವಕರಿಗೆಲ್ಲ ಅನ್ವಯಿಸುವ ಕಾಯ್ದೆ ಇಲ್ಲ. ಅಪಘಾತದಲ್ಲಿ ಗಾಯಗೊಂಡವರಿಗೆ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಆದರೆ ಅದು ರಸ್ತೆ ಅಪಘಾತಕ್ಕೆ ಮಾತ್ರ. ಜಾತ್ರೆಯ ಸಾಲಿನಲ್ಲಿ ಆದ ಗದ್ದಲಕ್ಕೆ ಅದು ಬರುವುದಿಲ್ಲ. "ಸಂಬಳ ತಗೊಳ್ಳದೆ ಸೇವೆ ಮಾಡಿದ್ದೇನೆ" ಎಂದರೆ ನ್ಯಾಯಾಧೀಶರು ಮೆಚ್ಚಬಹುದು. ಅಷ್ಟರಿಂದಲೇ ಕೇಸು ಬಿದ್ದುಹೋಗುವುದಿಲ್ಲ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಳತೆ ಇದು: ಈ ರಕ್ಷಣೆ ಬಾಗಿಲಲ್ಲಿ ನಿಂತ ಹುಡುಗನ ಮನೆ ತನಕ ಮುಟ್ಟುತ್ತದಾ, ಇಲ್ಲ ಕಮಿಟಿಯ ಹತ್ತಿರವೇ ನಿಂತುಬಿಡುತ್ತದಾ? ತುಂಬಾ ಕಮಿಟಿಗಳು ಮಾಡಿಕೊಳ್ಳುವ ವ್ಯವಸ್ಥೆ ಅಧ್ಯಕ್ಷರನ್ನೂ ದೇವಸ್ಥಾನದ ಹಣವನ್ನೂ ಕಾಪಾಡುತ್ತದೆ. ಎಫ್‌ಐಆರ್‌ನಲ್ಲಿ ಹೆಸರು ಬಂದ ಹುಡುಗ ಮಾತ್ರ ತನ್ನ ಅಡಿಕೆ ಮಾರಿದ ದುಡ್ಡಲ್ಲಿ ವಕೀಲರನ್ನು ಇಡಬೇಕಾಗುತ್ತದೆ.

ಎರಡನೆಯ ಅಳತೆ, ಕೇಸು ಯಾವ ಬಗೆಯದ್ದು ಅನ್ನುವುದು. ಹಗ್ಗ ಸರಿಯಾಗಿ ಕಟ್ಟಿರಲಿಲ್ಲ, ಅಜ್ಜಿ ಎಡವಿ ಬಿದ್ದು ಸೊಂಟ ಮುರಿದುಕೊಂಡರು, ಮನೆಯವರು ಪರಿಹಾರ ಕೇಳಿದರು. ಇದು ಸಿವಿಲ್ ದಾವೆ, ಹಣದ ಮಾತು. ಅದೇ ಹುಡುಗರು ಕಳ್ಳ ಎಂದುಕೊಂಡು ಒಬ್ಬನಿಗೆ ಹೊಡೆದರೆ ಅದು ಕ್ರಿಮಿನಲ್. ಮೊದಲನೆಯದನ್ನು ವಿಮೆ ಹೊರಬಹುದು. ಎರಡನೆಯದರ ಶಿಕ್ಷೆಯನ್ನು ಯಾವ ವಿಮೆಯೂ ಯಾವ ಕಮಿಟಿಯೂ ಹೊರಲಾರದು.

ಮೂರನೆಯದು, ಮೊದಲ ದಿನದ ಖರ್ಚು. ಜಾಮೀನಿಗೆ ಓಡಾಡುವುದು, ವಕೀಲರನ್ನು ಹುಡುಕುವುದು, ಗಾಯಾಳುವನ್ನು ಮೆಗ್ಗಾನ್ ಆಸ್ಪತ್ರೆಗೆ ಸಾಗಿಸುವುದು ಎಲ್ಲ ಮೊದಲ 24 ಗಂಟೆಯಲ್ಲೇ ಬರುತ್ತವೆ. ಕೊನೆಯದು ನಿಮ್ಮ ಜೇಬು, ಜೊತೆಗೆ ನಿಮ್ಮ ಜನಸಂದಣಿ. ಬೇಸಾಯದ ನಡುವೆ ವರ್ಷಕ್ಕೊಂದು ದಿನ ಜಾತ್ರೆ ಮಾಡುವ ಊರಿಗೂ ದಿನಾ ನೂರಾರು ಜನ ಬರುವ ಕ್ಷೇತ್ರಕ್ಕೂ ಒಂದೇ ಉತ್ತರ ಇಲ್ಲ.

ಯಾವ ರಕ್ಷಣೆಯೂ ಕೈಹಿಡಿಯದ ಕೆಲಸಗಳು

ಹೋಲಿಕೆಗೆ ಹೋಗುವ ಮೊದಲು ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ವಯಂಸೇವಕ ತನ್ನ ಗೆರೆ ದಾಟಿದರೆ ಮುಂದೆ ಹೇಳುವ ಆಯ್ಕೆಗಳಲ್ಲಿ ಯಾವುದೂ ಅವನ ನೆರವಿಗೆ ಬರುವುದಿಲ್ಲ.

ಕಳ್ಳನನ್ನು ಹಿಡಿಯುವ ಅಧಿಕಾರ ಸಾಮಾನ್ಯ ಜನರಿಗೂ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅದನ್ನು ಕೊಡುತ್ತದೆ. ಆದರೆ ಷರತ್ತುಗಳಿವೆ. ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು. ಅದು ಜಾಮೀನು ಸಿಗದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಆಗಿರಬೇಕು. ಹಿಡಿದ ಮೇಲೆ ಸುಮ್ಮನೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆಯ ಮಿತಿ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನದು. ಹಳೆಯ ಕಾನೂನಿನಲ್ಲಿ ಗಂಟೆಯ ಲೆಕ್ಕ ಇರಲಿಲ್ಲ. ಹೊಸನಗರದ ಒಳಗಿನ ಒಂದು ಊರಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬನನ್ನು ಹಿಡಿದಿರಿ ಎಂದುಕೊಳ್ಳಿ. "ಬೆಳಗ್ಗೆ ಊರವರೆಲ್ಲ ಸೇರಲಿ, ಆಮೇಲೆ ಠಾಣೆಗೆ ಹೇಳೋಣ" ಎಂದು ಸಮುದಾಯ ಭವನದಲ್ಲಿ ಕೂಡಿ ಹಾಕಿದರೆ ಏಳು ಗಂಟೆಗೆ ಗಡುವು ಮುಗಿಯಿತು. ಅಲ್ಲಿಂದ ಮುಂದೆ ಅಕ್ರಮ ಬಂಧನದ ಕೇಸು ನಿಮ್ಮ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಪ್ರಕಾರ ಅದಕ್ಕೆ ಒಂದು ವರ್ಷದ ತನಕ ಜೈಲಾಗಬಹುದು.

ಅನುಮಾನ ಸಾಲುವುದಿಲ್ಲ. "ಇವನನ್ನು ನಿನ್ನೆಯೂ ಹುಂಡಿ ಹತ್ತಿರ ನೋಡಿದ್ದೆ" ಎನ್ನುವುದು ಹಿಡಿಯುವುದಕ್ಕೆ ಕಾರಣ ಆಗುವುದಿಲ್ಲ. ಪೊಲೀಸರಿಗೆ ಫೋನು ಮಾಡುವುದಕ್ಕೆ ಕಾರಣ ಆಗುತ್ತದೆ, ಅಷ್ಟೆ.

ಹೊಡೆಯುವ ವಿಷಯ. ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ, ಆಸ್ತಿ ಕಾಪಾಡುವುದಕ್ಕೂ ಅದು ಅನ್ವಯಿಸುತ್ತದೆ. ಆದರೆ ಎಷ್ಟು ಬೇಕೋ ಅಷ್ಟೇ ಬಲ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಮಾಲು ವಾಪಸ್ ಬಂದಿದೆ, ಆಸಾಮಿ ಕೈಗೆ ಸಿಕ್ಕಿದ್ದಾನೆ, ಆಮೇಲೆ ಬಿದ್ದ ಒಂದೊಂದು ಏಟೂ ಹಲ್ಲೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಕೋಮು, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಒಬ್ಬನನ್ನು ಕೊಂದರೆ 103(2)ನೇ ಕಲಂ ಪ್ರಕಾರ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಊರಿಗೆ ಹೊಸಬನಾದ ಕೂಲಿ ಕಾರ್ಮಿಕನನ್ನೋ ಬೇರೆ ಧರ್ಮದವನನ್ನೋ ಗುಂಪುಗೂಡಿ ವಿಚಾರಿಸಲು ಹೊರಡುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಮಲೆನಾಡಿನಲ್ಲಿ ಇನ್ನೊಂದು ಇದೆ, ಕೋವಿ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಪರವಾನಗಿ ಪಡೆದ ಕೋವಿ ಅನೇಕ ಮನೆಗಳಲ್ಲಿ ಇದೆ. ಆ ಪರವಾನಗಿ ತೋಟಕ್ಕೆ ಕೊಟ್ಟದ್ದು, ಗುಡಿಯ ಕಾವಲಿಗೆ ಅಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ದೇವಸ್ಥಾನದ ಗಸ್ತಿಗೆ ಬಂದರೆ ಪರವಾನಗಿಯ ಷರತ್ತು ಮುರಿದಂತೆ. ಕೋವಿಯೂ ಹೋಗುತ್ತದೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸೂ ಬರುತ್ತದೆ.

ಮೈ ತಡಕುವುದು, ಬ್ಯಾಗು ಕಸಿದು ನೋಡುವುದು ಕೂಡ ಸ್ವಯಂಸೇವಕರ ಅಧಿಕಾರದಲ್ಲಿಲ್ಲ. "ಬ್ಯಾಗು ತೆರೆದು ತೋರಿಸ್ತೀರಾ?" ಎಂದು ಕೇಳಬಹುದು. ಒಪ್ಪದಿದ್ದರೆ ಬ್ಯಾಗನ್ನು ಹೊರಗಿಟ್ಟು ಬನ್ನಿ ಎನ್ನಬಹುದು. ಹೆಂಗಸರ ಸಾಲಿಗೆ ಹೆಂಗಸರೇ ಇರಲಿ. ಖಾಕಿ ಬಟ್ಟೆ, ಪೊಲೀಸರಂಥ ಟೋಪಿ, ಭುಜದ ಪಟ್ಟಿ ಬೇಡವೇ ಬೇಡ. ಕಡು ಹಳದಿ ಜಾಕೆಟ್ಟಿನ ಮೇಲೆ ದೊಡ್ಡದಾಗಿ 'ಸ್ವಯಂಸೇವಕ' ಎಂದು ಬರೆಸಿದರೆ ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಜಾತಿ ನೋಡಿ ಬಾಗಿಲಲ್ಲಿ ತಡೆಯುವ ಕೆಲಸಕ್ಕೆ ಹುಡುಗರನ್ನು ನಿಲ್ಲಿಸಬೇಡಿ. ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. "ಹಿರಿಯರು ಹೇಳಿದ್ದರು" ಎಂಬುದು ಕೋರ್ಟಿನಲ್ಲಿ ಉತ್ತರ ಆಗುವುದಿಲ್ಲ. ಕಾನೂನು ಇರಲಿ ಇಲ್ಲದಿರಲಿ, ಅದು ಮಾಡಬಾರದ ಕೆಲಸ.

ಈ ಗೆರೆಯೊಳಗೆ ನಿಂತವರಿಗೆ ಇರುವ ಆಯ್ಕೆಗಳನ್ನು ಈಗ ನೋಡೋಣ.

ಏನೂ ಮಾಡದೆ ಇರುವುದು

ನೋಂದಣಿ ಇಲ್ಲ, ಬರಹ ಇಲ್ಲ, ಬಾಯಿಮಾತಿನಲ್ಲಿ ಪಾಳಿ ಹಂಚುವುದು. ಖರ್ಚು ಸೊನ್ನೆ. ಆದರೆ ನೋಂದಣಿ ಆಗದ ಕಮಿಟಿ ಕಾನೂನಿನ ಕಣ್ಣಲ್ಲಿ ಒಂದು ಸಂಸ್ಥೆಯೇ ಅಲ್ಲ. ದಾವೆ ಬಂದರೆ ಅಧ್ಯಕ್ಷರು, ಕಾರ್ಯದರ್ಶಿ, ಸ್ಥಳದಲ್ಲಿದ್ದ ಹುಡುಗ, ಎಲ್ಲರೂ ತಮ್ಮ ತಮ್ಮ ಹೆಸರಲ್ಲಿ ಕಟಕಟೆ ಹತ್ತಬೇಕು. ಮನೆ, ತೋಟ, ಬ್ಯಾಂಕ್ ಖಾತೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಹತ್ತು ಮನೆಯವರೇ ಸೇರಿ ದೀಪ ಹಚ್ಚುವ ಗುಡಿಗಾದರೆ ನಡೆದೀತು. ಹೊರಗಿನ ಜನ ಬರುವ ಕಡೆ ಇದು ಸಲ್ಲ.

ನೋಂದಣಿ ಮತ್ತು ಬರಹದ ಠರಾವು

ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಮಾಡಬಹುದು. ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ಸಂಘದ ಕೆಲಸಕ್ಕೆ ಬಂದ ಸಿವಿಲ್ ಹೊರೆ ಸಂಘದ ಆಸ್ತಿಗೆ ಹೋಗುತ್ತದೆ, ಸದಸ್ಯರ ಮನೆಗಳಿಗೆ ಅಲ್ಲ. ಟ್ರಸ್ಟ್ ಮಾಡುವುದು ಸುಲಭ ಎಂದು ಬಹಳ ಜನ ಅತ್ತ ಹೋಗುತ್ತಾರೆ. ಆದರೆ ಟ್ರಸ್ಟಿನಲ್ಲಿ ಕೋರ್ಟಿನ ಮುಂದೆ ನಿಲ್ಲುವವರು ಟ್ರಸ್ಟಿಗಳೇ. ಕಾವಲು, ಜಾತ್ರೆ ಇಂಥ ಅಪಾಯದ ಕೆಲಸ ಇರುವ ಕಡೆ ನಾನು ಸಂಘಕ್ಕೇ ಒಲವು ತೋರಿಸುತ್ತೇನೆ. ಅದರ ತೊಂದರೆ ಎಂದರೆ ವರ್ಷ ವರ್ಷ ಲೆಕ್ಕ, ಸದಸ್ಯರ ಪಟ್ಟಿ ಸಲ್ಲಿಸಲೇಬೇಕು. ನೋಂದಣಿ ಮಾಡಿಸಿ ಮರೆತ ಸಂಘ ಬೇಕಾದಾಗ ಕೈಕೊಡುತ್ತದೆ.

ಆದರೆ ನೋಂದಣಿಯೊಂದೇ ಹುಡುಗನನ್ನು ಕಾಯುವುದಿಲ್ಲ. ತಾನೇ ತಪ್ಪು ಮಾಡಿದವನ ಹೊಣೆ ಸಂಘದ ಹಿಂದೆ ಅಡಗುವುದಿಲ್ಲ. ಅವನಿಗೆ ಬೇಕಾದ್ದು ನಡಾವಳಿ ಪುಸ್ತಕದಲ್ಲಿ ಒಂದು ಠರಾವು. ಅದು ಹೀಗಿದ್ದರೆ ಸಾಕು:

"ಕೆಳಗೆ ಹೆಸರಿಸಿದವರನ್ನು ಜಾತ್ರೆಯ ಐದು ದಿನಗಳಿಗೆ ಸ್ವಯಂಸೇವಕರಾಗಿ ನೇಮಿಸಿದೆ. ಸಾಲು ನೋಡಿಕೊಳ್ಳುವುದು, ದಾರಿ ತೋರಿಸುವುದು, ಕಂಡದ್ದನ್ನು ಪೊಲೀಸರಿಗೆ ತಿಳಿಸುವುದು ಇವರ ಕೆಲಸ. ಯಾರ ಮೈಯನ್ನೂ ತಪಾಸಣೆ ಮಾಡುವಂತಿಲ್ಲ. ದೊಣ್ಣೆ, ಆಯುಧ ಹಿಡಿಯುವಂತಿಲ್ಲ. ಈ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವಾಗ ಇವರ ಮೇಲೆ ಬರುವ ದಾವೆಯ ಪರಿಹಾರ ಮತ್ತು ವಕೀಲರ ಖರ್ಚನ್ನು ಸಂಘ ಭರಿಸುತ್ತದೆ."

ಕೆಳಗೆ ಹೆಸರುಗಳು, ಸಹಿ, ತಾರೀಖು. ಒಂದೊಂದು ಪ್ರತಿ ಪ್ರತಿಯೊಬ್ಬ ಸ್ವಯಂಸೇವಕನ ಮನೆಯಲ್ಲೂ ಇರಬೇಕು. ಇನ್ನೊಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಇದಕ್ಕೆ ಕಾನೂನಿನ ಬಲವೂ ಇದೆ. 1872ರ ಕರಾರು ಕಾಯ್ದೆಯ 222ನೇ ಕಲಂ ಪ್ರಕಾರ, ಒಬ್ಬರ ಪರವಾಗಿ ಅವರು ವಹಿಸಿದ ನ್ಯಾಯಬದ್ಧ ಕೆಲಸ ಮಾಡಿದವನಿಗೆ ಅದರಿಂದ ಬಂದ ನಷ್ಟವನ್ನು ಅವರು ತುಂಬಿಕೊಡಬೇಕು. ಆದರೆ ವಹಿಸಿದ ಕೆಲಸವೇ ಅಪರಾಧ ಆಗಿದ್ದರೆ 224ನೇ ಕಲಂ ಆ ಭರವಸೆಯನ್ನು ತಳ್ಳಿಹಾಕುತ್ತದೆ. "ನಾಲ್ಕು ಬಿಡು, ನಾವಿದ್ದೇವೆ" ಎಂದು ಅಧ್ಯಕ್ಷರು ಹುರಿದುಂಬಿಸಿದ್ದಕ್ಕೆ ಬೆಲೆ ಇಲ್ಲ. ಬರೆದುಕೊಟ್ಟರೂ ಇಲ್ಲ.

ಈ ಆಯ್ಕೆಯ ದೌರ್ಬಲ್ಯ ಒಂದೇ. ಭರವಸೆ ಎಷ್ಟು ಗಟ್ಟಿ ಎನ್ನುವುದು ಸಂಘದ ಖಾತೆಯಲ್ಲಿ ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಖಾತೆಯಲ್ಲಿ 40,000 ರೂಪಾಯಿ ಇರುವ ಸಂಘ ಹತ್ತು ಲಕ್ಷದ ಪರಿಹಾರದ ಹೊಣೆ ಹೊತ್ತರೆ ಅದು ಕಾಗದದಲ್ಲಷ್ಟೇ ಉಳಿಯುತ್ತದೆ. ವಿಮೆಯ ಮಾತು ಬರುವುದು ಇಲ್ಲಿ.

ಮುಜರಾಯಿ ದೇವಸ್ಥಾನಗಳಿಗೆ ಲೆಕ್ಕ ಬೇರೆ. ಅಲ್ಲಿ ದೇವಸ್ಥಾನದ ಹಣ ಖರ್ಚು ಮಾಡಲು ಇಲಾಖೆಯ ಒಪ್ಪಿಗೆ ಬೇಕು, ವಿಮೆಯ ಪ್ರೀಮಿಯಂ ಕೂಡ ಹಾಗೇ. ವ್ಯವಸ್ಥಾಪನಾ ಸಮಿತಿ ಠರಾವು ಮಾಡಿ ಮೊದಲೇ ಬರೆಯಬೇಕು. ಮಸೀದಿ, ದರ್ಗಾಗಳಲ್ಲಿ ವಕ್ಫ್ ಮಂಡಳಿಯಲ್ಲಿ ದಾಖಲಾದ ಆಡಳಿತ ಸಮಿತಿಯ ಹೆಸರಲ್ಲೇ ಠರಾವು ಆಗಬೇಕು, ಉರುಸಿಗೆಂದು ಹುಟ್ಟಿಕೊಂಡ ಯುವಕರ ಗುಂಪಿನ ಹೆಸರಲ್ಲಿ ಅಲ್ಲ. ಚರ್ಚಿನವರು ಧರ್ಮಪ್ರಾಂತ್ಯದ ಕಚೇರಿಯನ್ನು ಕೇಳಲಿ. ಎಲ್ಲ ಚರ್ಚುಗಳಿಗೂ ಸೇರಿ ಪಾಲಿಸಿ ಇದ್ದರೆ ಅದರಲ್ಲಿ ಸ್ವಯಂಸೇವಕರು ಬರುತ್ತಾರಾ ಎನ್ನುವುದೇ ಪ್ರಶ್ನೆ.

ವಿಮೆ: ಎರಡು ಬೇರೆ ಬೇರೆ ವಸ್ತುಗಳು

"ಇನ್ಶೂರೆನ್ಸ್ ಮಾಡಿಸಿದ್ದೇವೆ" ಎನ್ನುವ ಕಮಿಟಿಗಳನ್ನು ಯಾವ ವಿಮೆ ಎಂದು ಕೇಳಿದರೆ ಹೆಚ್ಚಿನವು ಬೆಂಕಿ, ಕಳವಿನ ಪಾಲಿಸಿ ತೋರಿಸುತ್ತವೆ. ಅದು ಕಟ್ಟಡಕ್ಕೆ, ಆಭರಣಕ್ಕೆ. ಮನುಷ್ಯರಿಗೆ ಸಂಬಂಧಿಸಿದ್ದು ಎರಡು ಬಗೆ.

ಒಂದು ಅಪಘಾತ ವಿಮೆ. ಸ್ವಯಂಸೇವಕನಿಗೇ ಪೆಟ್ಟಾದರೆ, ಅವನು ತೀರಿಕೊಂಡರೆ ಅವನಿಗೆ ಅಥವಾ ಮನೆಯವರಿಗೆ ಹಣ ಬರುತ್ತದೆ. ತಪ್ಪು ಯಾರದ್ದು ಎಂದು ಕೇಳುವುದಿಲ್ಲ. ಕಾರ್ಮಿಕರ ಪರಿಹಾರದ ಕಾನೂನು ಸಂಬಳದವರಿಗೆ, ಸ್ವಯಂಸೇವಕರಿಗೆ ಅಲ್ಲ. ಹಾಗಾಗಿ ಇದು ಬೇಕೇ ಬೇಕು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಸಿಗುತ್ತದೆ. ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಬ್ಯಾಂಕಿನಲ್ಲಿ ಒಂದು ಫಾರಂ, ಅಷ್ಟೇ. ಮೊದಲ ಹೆಜ್ಜೆಗೆ ಇದು ಸಾಕು. ಜಾಸ್ತಿ ಬೇಕಾದರೆ ಗುಂಪು ಅಪಘಾತ ಪಾಲಿಸಿ. ಅದರಲ್ಲಿ ಹೆಸರು ಪಟ್ಟಿ ಕೊಡುವ ಬಗೆಯೂ ಇದೆ, ಇಷ್ಟು ಜನ ಎಂದು ಸಂಖ್ಯೆ ಮಾತ್ರ ಕೊಡುವ ಬಗೆಯೂ ಇದೆ. ಪಾಳಿಗೆ ಯಾರು ಬರುತ್ತಾರೆ ಎಂದು ಕೊನೆ ಗಳಿಗೆವರೆಗೆ ಗೊತ್ತಿಲ್ಲದ ನಮ್ಮ ಜಾತ್ರೆಗಳಿಗೆ ಎರಡನೆಯದು ಸರಿ.

ಇನ್ನೊಂದು ಸಾರ್ವಜನಿಕ ಹೊಣೆಯ ವಿಮೆ, ಏಜೆಂಟರ ಬಾಯಲ್ಲಿ ಪಬ್ಲಿಕ್ ಲಯಬಿಲಿಟಿ. ಬಂದ ಭಕ್ತರಿಗೆ ನಿಮ್ಮಿಂದ ಪೆಟ್ಟಾಗಿ ಅವರು ಪರಿಹಾರ ಕೇಳಿದರೆ ಕೊಡುವುದು ಇದು. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಎಂದು ಒಂದಿದೆ. ಅದು ಅಪಾಯಕಾರಿ ರಾಸಾಯನಿಕಗಳ ಕಾರ್ಖಾನೆಗಳದ್ದು. ಹೆಸರು ಒಂದೇ ಥರ ಇದೆ ಎಂದು ತಪ್ಪು ಪಾಲಿಸಿ ಮಾಡಿಸಬೇಡಿ. ನಿಮಗೆ ಬೇಕಾದ್ದು ಕಾರ್ಖಾನೆಯೇತರ ಪಾಲಿಸಿ.

ಪಾಲಿಸಿ ಕೈಗೆ ಬಂದಾಗ ಪ್ರೀಮಿಯಂ ನೋಡುವ ಮೊದಲು 'ವಿಮೆದಾರರು', ಅಂದರೆ ರಕ್ಷಣೆ ಯಾರಿಗೆಲ್ಲ ಎಂಬ ಸಾಲನ್ನು ಓದಿ. ಅಲ್ಲಿ ಆಡಳಿತ ಮಂಡಳಿ, ನೌಕರರು ಎಂದಷ್ಟೇ ಇದ್ದರೆ ನಿಮ್ಮ ಹುಡುಗರು ಹೊರಗೆ. 'ಸ್ವಯಂಸೇವಕರು' ಎಂಬ ಪದ ಸೇರಿಸಿ ಎಂದು ಏಜೆಂಟರಿಗೆ ಹೇಳಿ, ಬರಹದಲ್ಲಿ ಪಡೆಯಿರಿ. ಆಮೇಲೆ ಜಾಗ. ಪಾಲಿಸಿ ಪ್ರಾಕಾರದ ಒಳಗೆ ಮಾತ್ರವೇ, ತೇರು ಹೋಗುವ ಬೀದಿ, ವಾಹನ ನಿಲ್ಲಿಸುವ ಗದ್ದೆ, ತೆಪ್ಪ ಬಿಡುವ ಹೊಳೆದಂಡೆ ಸೇರಿದೆಯೇ? ಆಮೇಲೆ ದಿನಗಳು. ಚಪ್ಪರ ಹಾಕುವ ದಿನ, ಬಿಚ್ಚುವ ದಿನ ಕೂಡ ಜನ ಬೀಳುತ್ತಾರೆ. ಆಮೇಲೆ ಮೊತ್ತ. ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂದು ಎರಡು ಅಂಕಿ ಇರುತ್ತದೆ. ವಕೀಲರ ಖರ್ಚು ಆ ಮೊತ್ತದ ಒಳಗೋ ಹೊರಗೋ ಕೇಳಿ. ಬೇಕಂತಲೇ ಮಾಡಿದ ಹಲ್ಲೆಗೆ ಯಾವ ಕಂಪನಿಯೂ ಕೊಡುವುದಿಲ್ಲ, ಆ ಸಾಲು ಎಲ್ಲ ಪಾಲಿಸಿಯಲ್ಲೂ ಇರುತ್ತದೆ.

ಎರಡು ವಿಷಯಗಳಲ್ಲಿ ನಮ್ಮ ಊರುಗಳು ಹೆಚ್ಚಾಗಿ ಎಡವುತ್ತವೆ. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಪರಿಹಾರ ಕೇಳಿದ ದಿನ. ಈ ವರ್ಷ ಬಿದ್ದವರು ಮುಂದಿನ ವರ್ಷ ನೋಟಿಸು ಕಳಿಸಬಹುದು. ಅಷ್ಟರಲ್ಲಿ ನೀವು ಪಾಲಿಸಿ ಬಿಟ್ಟಿದ್ದರೆ ಹಣ ಇಲ್ಲ. ಹಾಗಾಗಿ ಜಾತ್ರೆಗೆ ಮಾತ್ರ ಪಾಲಿಸಿ ಮಾಡಿಸುವವರು, ಆಮೇಲೆ ಬರುವ ಬೇಡಿಕೆಗೆ ಎಷ್ಟು ಕಾಲ ರಕ್ಷಣೆ ಎಂದು ಕೇಳಿ ಬರೆಸಿಕೊಳ್ಳಿ. ಇನ್ನೊಂದು ಪಂಚಾಯ್ತಿಕೆ. ಯಾರಿಗಾದರೂ ಪೆಟ್ಟಾದರೆ ಊರವರು ಕೂತು "ಇಷ್ಟು ಕೊಡ್ತೇವೆ, ಕೇಸು ಬೇಡ" ಎಂದು ಮಾತು ಮುಗಿಸುವುದು ನಮ್ಮ ರೂಢಿ. ಕಂಪನಿಗೆ ಹೇಳದೆ ತಪ್ಪು ಒಪ್ಪಿಕೊಂಡರೆ, ಹಣ ಒಪ್ಪಿದರೆ, ಪಾಲಿಸಿಯ ಷರತ್ತು ಮುರಿಯುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಜೊತೆಗಿರಿ, ತಕ್ಷಣದ ಖರ್ಚು ಮಾಡಿ, ಅದು ನಮ್ಮ ಕರ್ತವ್ಯ. ಪರಿಹಾರದ ಮಾತನ್ನು ಮಾತ್ರ ಅದೇ ದಿನ ಕಂಪನಿಗೆ ತಿಳಿಸಿ ಆಮೇಲೆ ಆಡಿ.

"ಏನಾದರೂ ಆದರೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಎಂಬ ಬೋರ್ಡು ವಿಮೆಗೆ ಬದಲಿ ಅಲ್ಲ. ಚಪ್ಪಲಿ ಕಳೆದರೆ ಅದು ಉಪಯೋಗಕ್ಕೆ ಬರಬಹುದು. ನಿಮ್ಮ ಅಜಾಗರೂಕತೆಯಿಂದ ಕಾಲು ಮುರಿದವರ ಮುಂದೆ ಅದು ನಿಲ್ಲುವುದಿಲ್ಲ.

ಹೋಂಗಾರ್ಡ್ ಮತ್ತು ಪೊಲೀಸ್ ಬಂದೋಬಸ್ತ್

ಗೃಹರಕ್ಷಕ ದಳ 1962ರ ಕಾಯ್ದೆಯಡಿ ನಡೆಯುತ್ತದೆ. ಕರ್ತವ್ಯಕ್ಕೆ ಕರೆದಾಗ ಹೋಂಗಾರ್ಡಿಗೆ ಪೊಲೀಸರಂತೆಯೇ ಅಧಿಕಾರ ಮತ್ತು ರಕ್ಷಣೆ ಇರುತ್ತದೆ. ಕಾನೂನಿನ ರಕ್ಷಣೆ ಕೆಲಸ ಮಾಡುವವನ ಮೈಮೇಲೇ ಇರುವ ಆಯ್ಕೆ ಇದೊಂದೇ. ಜಿಲ್ಲಾ ಕಮಾಂಡೆಂಟ್ ಕಚೇರಿಗೆ ಠಾಣೆಯ ಮೂಲಕ ಮನವಿ ಕೊಡಬೇಕು, ದಿನಭತ್ಯೆ ಕಟ್ಟಬೇಕಾಗಬಹುದು. ತೊಂದರೆ ಎಂದರೆ ಎಲ್ಲ ಜಾತ್ರೆಗಳೂ ಒಂದೇ ಕಾಲಕ್ಕೆ ಬರುತ್ತವೆ, ಚುನಾವಣೆ ಬಂದರೆ ಎಲ್ಲರೂ ಅತ್ತ ಹೋಗುತ್ತಾರೆ. ವರ್ಷವಿಡೀ ರಾತ್ರಿ ಕಾವಲಿಗೆ ಇದು ಆಗದ ಮಾತು.

ಇಲ್ಲಿ ನನ್ನದೊಂದು ಸಲಹೆ ಇದೆ. ನಿಮ್ಮ ಊರಿನ ಉತ್ಸಾಹಿ ಹುಡುಗ ಹುಡುಗಿಯರಲ್ಲಿ ಇಬ್ಬರು ಮೂವರು ತಾವೇ ಹೋಂಗಾರ್ಡಿಗೆ ಸೇರಲಿ. ತರಬೇತಿ ಸಿಗುತ್ತದೆ. ಠಾಣೆಯವರ ಪರಿಚಯ ಆಗುತ್ತದೆ. ಕರ್ತವ್ಯಕ್ಕೆ ಕರೆಯದ ದಿನ ಅವರಿಗೆ ಆ ಅಧಿಕಾರ ಇರುವುದಿಲ್ಲ, ಆದರೆ ಗೆರೆ ಎಲ್ಲಿದೆ ಎಂದು ಉಳಿದವರಿಗೆ ಹೇಳಿಕೊಡಬಲ್ಲರು.

ಖಾಸಗಿ ಏಜೆನ್ಸಿ

ಖರ್ಚು ಎಲ್ಲಕ್ಕಿಂತ ಜಾಸ್ತಿ, ತಲೆನೋವು ಎಲ್ಲಕ್ಕಿಂತ ಕಡಿಮೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಏಜೆನ್ಸಿಗೆ ಪರವಾನಗಿ ಇರಬೇಕು, ಕಾವಲುಗಾರರಿಗೆ ತರಬೇತಿ ಆಗಿರಬೇಕು. ಒಪ್ಪಂದದಲ್ಲಿ ಮೂರು ಕಾಗದ ಕೇಳಿ: ಚಾಲ್ತಿಯಲ್ಲಿರುವ ಪರವಾನಗಿ, ಅವರ ಹೊಣೆ ವಿಮೆ, ಕಾವಲುಗಾರರ ಪೊಲೀಸ್ ಪರಿಶೀಲನೆ. ಅಗ್ಗಕ್ಕೆ ಸಿಕ್ಕರೆಂದು ಪರವಾನಗಿ ಇಲ್ಲದವರನ್ನು ತಂದರೆ ಹೊಣೆ ತಿರುಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ನಿಮ್ಮದೇ ಸ್ವಯಂಸೇವಕರ ತಂಡ ಹೆಸರು ಮಾಡಿತು, ಪಕ್ಕದೂರಿನವರು ದುಡ್ಡು ಕೊಟ್ಟು ಕರೆದರು ಎಂದುಕೊಳ್ಳಿ. ಅದನ್ನೇ ಕಸುಬಾಗಿ ಮಾಡತೊಡಗಿದರೆ ನೀವೂ ಏಜೆನ್ಸಿಯೇ. ಪರವಾನಗಿ ಇಲ್ಲದೆ ನಡೆಸಿದರೆ ಒಂದು ವರ್ಷದ ತನಕ ಜೈಲು, 25,000 ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಊಟ, ಬಸ್ ಚಾರ್ಜು ಪಡೆಯುವುದು ಬೇರೆ. ದಿನಗೂಲಿ ಪಡೆಯುವುದು ಬೇರೆ.

ಯಾರಿಗೆ ಯಾವುದು

ವರ್ಷಕ್ಕೊಂದು ಜಾತ್ರೆ, ಕೈಯಲ್ಲಿ ಕೆಲವೇ ಸಾವಿರ ಇರುವ ಊರಿಗೆ: ಠರಾವು, ಠಾಣೆಯ ಸ್ವೀಕೃತಿ, ಎಲ್ಲರಿಗೂ 20 ರೂಪಾಯಿಯ ವಿಮೆ. ನೋಂದಣಿಯನ್ನು ಮುಂದಿನ ಜಾತ್ರೆಯೊಳಗೆ ಮುಗಿಸಿ. ಜಾತ್ರೆಯ ಮುಖ್ಯ ದಿನಕ್ಕೆ ಬಂದೋಬಸ್ತ್ ಮನವಿ ಮೊದಲೇ ಕೊಡಿ. ಹೊಣೆಯ ವಿಮೆ ಈ ವರ್ಷ ಆಗದಿದ್ದರೆ ಅಪಾಯದ ಕೆಲಸವನ್ನೇ ಕಡಿಮೆ ಮಾಡಿ. ನೂಕುನುಗ್ಗಲಾಗುವ ಕಡೆ, ಹೊಳೆ ಬದಿಯಲ್ಲಿ ಸ್ವಯಂಸೇವಕರಿಗೆ ಪೂರ್ತಿ ಹೊಣೆ ಹೊರಿಸಬೇಡಿ.

ವಾರವಾರ ಹೊರಗಿನ ಜನ ಬರುವ ಮಧ್ಯಮ ಗಾತ್ರದ ಗುಡಿ, ಶುಕ್ರವಾರ ತುಂಬುವ ಮಸೀದಿ, ಭಾನುವಾರದ ಚರ್ಚು: ಮೇಲಿನದ್ದರ ಜೊತೆಗೆ ವರ್ಷವಿಡೀ ನಡೆಯುವ ಹೊಣೆಯ ವಿಮೆ. ಏಜೆನ್ಸಿಗೆ ಕೊಡುವ ದುಡ್ಡಿದ್ದರೂ ಮೊದಲು ಇದನ್ನು ಮಾಡಿಸಿ ಎನ್ನುತ್ತೇನೆ. ಏಜೆನ್ಸಿಯವನು ಬಾಗಿಲಲ್ಲಿ ನಿಂತರೂ ಸಾಲಿನಲ್ಲಿ ನೀರು ಕೊಡುವವರು ನಿಮ್ಮವರೇ ಅಲ್ವಾ? ಸಿಸಿಟಿವಿಯನ್ನೂ ಇದೇ ಸಾಲಿಗೆ ಸೇರಿಸಿ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಹೆಚ್ಚು ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಡಬೇಕು ಎನ್ನುತ್ತದೆ. ಸುಳ್ಳು ಆರೋಪ ಬಂದ ಹುಡುಗನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಮಳೆಗಾಲದ ಕರೆಂಟಿಗೆ ಬ್ಯಾಟರಿ ಇಡಿ. ಏನಾದರೂ ನಡೆದ ರಾತ್ರಿಯ ದೃಶ್ಯವನ್ನು ಮಾರನೇ ದಿನವೇ ಬೇರೆ ಕಡೆ ಉಳಿಸಿ, ಮೂವತ್ತು ದಿನ ಬೇಗ ಕಳೆಯುತ್ತದೆ.

ಆಭರಣ, ಪಂಚಲೋಹದ ಮೂರ್ತಿ ಇರುವ, ರಾತ್ರಿ ಒಂಟಿಯಾಗಿ ಬೀಳುವ ಗುಡಿಗೆ ಸ್ವಯಂಸೇವಕರ ರಾತ್ರಿ ಕಾವಲು ಸರಿಯಾದ ಉತ್ತರ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರ್ತಿ ಕಳವಿಗೆ ಬರುವವರು ಸಿದ್ಧರಾಗಿಯೇ ಬರುತ್ತಾರೆ. ಒಂದು ಮೂರ್ತಿಗಾಗಿ ಊರಿನ ಮಗನೊಬ್ಬನ ಜೀವ ಪಣಕ್ಕಿಡುವುದು ಬೇಡ. ಬೆಲೆಬಾಳುವುದನ್ನು ಬ್ಯಾಂಕ್ ಲಾಕರಿನಲ್ಲಿಡಿ, ಕಳವಿನ ವಿಮೆ ಮಾಡಿಸಿ, ಅಲಾರಾಂ ಹಾಕಿಸಿ. ದುಡ್ಡಿದ್ದರೆ ರಾತ್ರಿಗೆ ಪರವಾನಗಿ ಇರುವ ಏಜೆನ್ಸಿ. ಊರವರು ಕಾಯಲೇಬೇಕು ಅಂದರೆ ಇಬ್ಬಿಬ್ಬರಾಗಿ ಇರಲಿ, ನೆಟ್‌ವರ್ಕ್ ಸಿಗುವ ಜಾಗ ಮೊದಲೇ ನೋಡಿಟ್ಟುಕೊಂಡಿರಲಿ, ಕಂಡ ತಕ್ಷಣ 112ಕ್ಕೆ ಫೋನು ಮಾಡಿ ದೂರ ನಿಲ್ಲಲಿ. ಹದಿನೆಂಟು ತುಂಬದವರು ರಾತ್ರಿ ಪಾಳಿಯಲ್ಲಿ ಇರಲೇಬಾರದು.

ದೊಡ್ಡ ಕ್ಷೇತ್ರಗಳಿಗೆ ಎಲ್ಲವೂ ಬೇಕು, ಅವರಲ್ಲಿ ಹಣವೂ ಇರುತ್ತದೆ. ಅಲ್ಲಿ ಸ್ವಯಂಸೇವಕರು ಅನ್ನ ಬಡಿಸುವುದು, ದಾರಿ ತೋರಿಸುವುದು ಇಷ್ಟಕ್ಕೇ ಇದ್ದು, ಕಾವಲನ್ನು ಹೋಂಗಾರ್ಡ್, ಏಜೆನ್ಸಿಗೆ ಬಿಟ್ಟರೆ ಒಳ್ಳೆಯದು.

ಕಮಿಟಿ ಏನೂ ಮಾಡಲು ಒಪ್ಪದಿದ್ದರೆ ಸ್ವಯಂಸೇವಕ ತಾನೇ ಮಾಡಿಕೊಳ್ಳಬಹುದಾದ್ದೂ ಇದೆ. ಬ್ಯಾಂಕಿಗೆ ಹೋಗಿ 20 ರೂಪಾಯಿಯ ವಿಮೆ ಮಾಡಿಸಿಕೊಳ್ಳಿ. ನಿಮ್ಮ ಕೆಲಸ ಏನು ಎಂದು ಅಧ್ಯಕ್ಷರಿಂದ ಎರಡು ಸಾಲು ಬರೆಸಿಕೊಳ್ಳಿ, ವಾಟ್ಸಾಪಿನಲ್ಲಿ ಬಂದರೂ ಸರಿ, ಅಳಿಸಬೇಡಿ. ಪಾಳಿ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಜೊತೆಗಿದ್ದವರ ಹೆಸರು, ನಡೆದದ್ದು ಬರೆದಿಡಿ. ನೋಟಿಸು ಬಂದರೆ ಉತ್ತರ ಕೊಡುವ ಮೊದಲು ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ನಿಮ್ಮ ತಾಲ್ಲೂಕು ಸಮಿತಿಗೋ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ದೊಣ್ಣೆ ಕೊಟ್ಟು ಗಸ್ತಿಗೆ ಕಳಿಸಿದರೆ ಅದನ್ನು ಅಲ್ಲೇ ಇಟ್ಟು, ಟಾರ್ಚು ಮಾತ್ರ ತೆಗೆದುಕೊಂಡು ಹೋಗಿ.